ವಯನಾಡಿನ ಇನ್‌ಬಾಕ್ಸಿಗೆ ದನಿ ಬಂದ ಬಗೆ

ಇಮೇಲ್ ಹುಟ್ಟಿದಾಗ ಅಂಧರಿಗಾಗಲಿ ಕಿವುಡರಿಗಾಗಲಿ ಅಡ್ಡಿಯಾಗುವಂಥದ್ದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದ್ದು ಬರಿಯ ಅಕ್ಷರಗಳನ್ನು. ಚಿತ್ರವಿಲ್ಲ, ಬಣ್ಣವಿಲ್ಲ, ಹುಡುಕಿ ಒತ್ತಬೇಕಾದ ಬಟನ್ ಇಲ್ಲ. ಫೋನಿನಲ್ಲಿ ಮಾತು ಕೇಳಿಸದವರಿಗಂತೂ ಅದು ದೊಡ್ಡ ಅನುಕೂಲವಾಯಿತು. ಇಂಟರ್ನೆಟ್ಟನ್ನು ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರಿಗೆ ಶ್ರವಣದೋಷವಿತ್ತು. ಅವರ ಪತ್ನಿ ಸಿಗ್ರಿಡ್ ಎಳವೆಯಲ್ಲೇ ಶ್ರವಣಶಕ್ತಿ ಕಳೆದುಕೊಂಡವರು. 1980ರ ದಶಕದಲ್ಲಿ ಎಂಸಿಐ ಮೇಲ್ ಎಂಬ ವಾಣಿಜ್ಯ ಇಮೇಲ್ ಸೇವೆಯನ್ನು ಕಟ್ಟಿದ ತಂಡಕ್ಕೆ ಸರ್ಫ್ ಅವರೇ ಮುಂದಾಳು. ಅಂಧರ ಪಾಲಿಗೂ ಆ ಕಾಲದ ಪರದೆ ಸುಲಭದ್ದೇ. ಡಾಸ್ ಪರದೆಯ ಮೇಲಿನ ಸಾಲುಗಳನ್ನು ಒಂದೊಂದಾಗಿ ಎತ್ತಿ ಗಟ್ಟಿಯಾಗಿ ಓದುವ ಸ್ಕ್ರೀನ್ ರೀಡರ್‌ಗಳು ಬಂದವು. ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್ ಸೈಕಲ್ ಪಟು ಟೆಡ್ ಹೆಂಟರ್ 1989ರಲ್ಲಿ ಹೊರತಂದ ‘ಜಾಸ್’ ಅವುಗಳಲ್ಲಿ ಹೆಸರಾದದ್ದು.

ಅಡ್ಡಿ ಹುಟ್ಟಿದ್ದು ಅಲಂಕಾರದಿಂದ. ಇಮೇಲ್ ಬ್ರೌಸರಿನೊಳಗೆ ಬಂದ ಮೇಲೆ ಪುಟಗಳು ಚಿತ್ರ, ಐಕಾನ್, ಮೆನುಗಳಿಂದ ತುಂಬಿದವು. 2004ರ ಏಪ್ರಿಲ್ 1ರಂದು ಒಂದು ಗಿಗಾಬೈಟ್ ಜಾಗದೊಂದಿಗೆ ಬಂದ ಜಿಮೇಲ್ ಈ ಬದಲಾವಣೆಯ ತುತ್ತತುದಿ. ಹಳೆಯ ವೆಬ್ ಪುಟ ಒಮ್ಮೆ ತೆರೆದರೆ ಹಾಗೇ ನಿಲ್ಲುತ್ತಿತ್ತು. ಜಿಮೇಲ್ ಪುಟ ಜಾವಾಸ್ಕ್ರಿಪ್ಟ್ ಬಲದಿಂದ ಕಣ್ಣೆದುರೇ ಬದಲಾಗುತ್ತಿತ್ತು. ಕಣ್ಣಿದ್ದವರು ಈ ವೇಗವನ್ನು ಮೆಚ್ಚಿದರು. ಸ್ಕ್ರೀನ್ ರೀಡರ್‌ಗೆ ಮಾತ್ರ ಯಾವ ಭಾಗ ಬದಲಾಯಿತೆಂಬ ಸುಳಿವೇ ಸಿಗುತ್ತಿರಲಿಲ್ಲ. ಪರದೆಯಲ್ಲಿ ಬಟನ್‌ನಂತೆ ಕಾಣುವುದು ಪುಟದ ಸಂಕೇತದಲ್ಲಿ ಬಟನ್ ಆಗಿರಲಿಲ್ಲ. ಮೌಸ್ ಕ್ಲಿಕ್ಕಿಗೆ ಓಗೊಡುವ ಹೆಸರಿಲ್ಲದ ಚೌಕ ಅದು. ಕೀಬೋರ್ಡಿನ ಟ್ಯಾಬ್ ಕೀಲಿ ಅದನ್ನು ದಾಟಿ ಹೋಗುತ್ತಿತ್ತು, ಸ್ಕ್ರೀನ್ ರೀಡರ್ ಅದನ್ನು ಉಚ್ಚರಿಸುತ್ತಲೇ ಇರಲಿಲ್ಲ. ಓದದ ಪತ್ರದ ವಿಷಯಸಾಲು ದಪ್ಪಕ್ಷರದಲ್ಲಿದೆ ಎಂಬುದು ಕಣ್ಣಿಗೆ ಕೊಟ್ಟ ಸಂಜ್ಞೆ. ಕಿವಿಗೆ ಅದಕ್ಕೆ ಸಮನಾದದ್ದು ಏನೂ ಇರಲಿಲ್ಲ. ಖಾತೆ ತೆರೆಯುವ ಹೊಸ್ತಿಲಲ್ಲೇ ಕ್ಯಾಪ್ಚಾ ಎಂಬ ಸೊಟ್ಟಕ್ಷರಗಳ ಚಿತ್ರ ಬೇರೆ. ಬಂದವರು ಯಂತ್ರವಲ್ಲ, ಮನುಷ್ಯರು ಎಂದು ಖಾತ್ರಿಪಡಿಸಿಕೊಳ್ಳಲು ಹೂಡಿದ ಆ ಪರೀಕ್ಷೆ ಅಂಧರನ್ನು ಯಂತ್ರಗಳ ಸಾಲಿಗೇ ತಳ್ಳಿತು.

ಗೂಗಲ್ ಕೆಲಕಾಲದಲ್ಲಿ ಜಾವಾಸ್ಕ್ರಿಪ್ಟ್ ಬೇಡದ ಸರಳ ನೋಟವೊಂದನ್ನು ಕೊಟ್ಟಿತು. ಹಲವು ಅಂಧ ಬಳಕೆದಾರರು ವರ್ಷಗಟ್ಟಲೆ ಅದನ್ನೇ ನೆಚ್ಚಿಕೊಂಡರು. 2024ರಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಇದ್ದಷ್ಟು ದಿನವೂ ಆ ಸರಳ ನೋಟ ಹಿಂಬಾಗಿಲೇ ಆಗಿತ್ತು: ಮುಖ್ಯ ಪುಟಕ್ಕೆ ಬರುವ ಹೊಸ ಸೌಲಭ್ಯಗಳೆಲ್ಲ ಅಲ್ಲಿಗೆ ಬರುತ್ತಿರಲಿಲ್ಲ. ಮುಂಬಾಗಿಲನ್ನೇ ಸರಿಪಡಿಸುವ ಕೆಲಸದಲ್ಲಿ ದೊಡ್ಡ ಪಾಲು ಟಿ.ವಿ. ರಾಮನ್ ಅವರದು. ಪುಣೆಯಲ್ಲಿ ಬೆಳೆದ ರಾಮನ್ ಗ್ಲಾಕೋಮಾದಿಂದ 14ನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡರು. ಮುಂಬೈ ಐಐಟಿಯಲ್ಲಿ ಓದಿ, ಗಣಿತದ ಸೂತ್ರಗಳನ್ನು ದನಿಯಲ್ಲಿ ಕೇಳಿಸುವ ತಂತ್ರಾಂಶಕ್ಕಾಗಿ 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಮರುವರ್ಷ ಹೊರಬಂದ ಅವರ ‘ಇಮ್ಯಾಕ್‌ಸ್ಪೀಕ್’ ಪರದೆಯನ್ನು ಓದಿ ಹೇಳುವುದಷ್ಟೇ ಅಲ್ಲ, ಪತ್ರ, ಕಡತ, ಕ್ಯಾಲೆಂಡರ್ ಎಂದು ಆಯಾ ವಸ್ತುವಿನ ಸ್ವರೂಪ ಅರಿತು ಮಾತಾಡುತ್ತಿತ್ತು. 2005ರಲ್ಲಿ ಗೂಗಲ್ ಸೇರಿದ ರಾಮನ್, ಚಾರ್ಲ್ಸ್ ಚೆನ್ ಜೊತೆಗೂಡಿ 2007ರಲ್ಲಿ ‘ಆ್ಯಕ್ಸ್‌ಜ್ಯಾಕ್ಸ್’ ರೂಪಿಸಿದರು. ಬದಲಾಗುತ್ತಲೇ ಇರುವ ಪುಟಗಳಿಗೆ ಮಾತು ಕಲಿಸುವ ಸಲಕರಣೆ ಅದು.

ಅದು ನಿಂತ ತಳಹದಿ ‘ಏರಿಯಾ’ ಎಂಬ ನಿಯಮಾವಳಿ. ಪುಟದ ಪ್ರತಿ ಭಾಗಕ್ಕೂ ಕಣ್ಣಿಗೆ ಕಾಣದ ಚೀಟಿಯೊಂದನ್ನು ಅಂಟಿಸುವುದು ಇದರ ಹೂಟ: ಇದು ಬಟನ್, ಇದರ ಹೆಸರು ‘ಕಳಿಸು’, ಇದು ಆಯ್ಕೆಯ ಚೌಕ, ಸದ್ಯ ಖಾಲಿ, ಈ ಭಾಗದಲ್ಲಿ ಹೊಸದೇನಾದರೂ ಬಂದರೆ ಓದಿ ಹೇಳು. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯಲ್ಲಿ 2006ರಲ್ಲಿ ಕರಡಾಗಿ ಶುರುವಾದದ್ದು ಪಕ್ಕಾ ಶಿಫಾರಸಾಗಲು 2014ರ ಮಾರ್ಚ್ ಬರಬೇಕಾಯಿತು. ಅಷ್ಟರಲ್ಲಿ ಜಿಮೇಲಿನ ಕೀಲಿಗಳೂ ರೂಢಿಯಾಗಿದ್ದವು. ‘ಜೆ’, ‘ಕೆ’ ಒತ್ತಿ ಪತ್ರದಿಂದ ಪತ್ರಕ್ಕೆ ಸಾಗುವುದು, ‘ಸಿ’ ಒತ್ತಿ ಹೊಸ ಪತ್ರ ತೆರೆಯುವುದು ಅಂಧರಿಗಷ್ಟೇ ಅಲ್ಲ, ಮೌಸ್ ಹಿಡಿಯಲು ಕೈ ಸ್ಥಿರವಿಲ್ಲದವರಿಗೂ ಒದಗಿತು. ಕಳಿಸಿದ ಪತ್ರವನ್ನು ಕೆಲವು ಸೆಕೆಂಡುಗಳೊಳಗೆ ತಡೆಯುವ ಸೌಲಭ್ಯ 2009ರಲ್ಲಿ ಪ್ರಯೋಗವಾಗಿ ಬಂತು. ಕೈ ನಡುಗಿ ತಪ್ಪು ಕೀಲಿ ಒತ್ತುವವರಿಗೆ ಅದರ ಬೆಲೆ ಗೊತ್ತು.

ಪುಟ ಸರಿಯಾದರೆ ಸಾಲದು, ಓದುವ ತಂತ್ರಾಂಶವೂ ಕೈಗೆಟುಕಬೇಕು. ಆಗ ಜಾಸ್‌ನ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಭಾರತದ ಬಹುಪಾಲು ಅಂಧರಿಗೆ ಅದು ಕನಸೇ ಆಗಿತ್ತು. ಆಸ್ಟ್ರೇಲಿಯಾದ ಇಬ್ಬರು ಅಂಧರು, ಮೈಕೇಲ್ ಕರನ್ ಮತ್ತು ಜೇಮ್ಸ್ ಟೆಹ್, ಈ ಲೆಕ್ಕವನ್ನೇ ಬುಡಮೇಲು ಮಾಡಿದರು. 2006ರಲ್ಲಿ ಕರನ್ ಶುರುಮಾಡಿದ ‘ಎನ್‌ವಿಡಿಎ’ ಉಚಿತ, ಮುಕ್ತ ತಂತ್ರಾಂಶ. ಅದೇ ವರ್ಷ ಲಿನಕ್ಸ್‌ನ ‘ಓರ್ಕಾ’ ಎಂಬ ಸ್ಕ್ರೀನ್ ರೀಡರ್ ಗ್ನೋಮ್ ಡೆಸ್ಕ್‌ಟಾಪ್‌ನ ಭಾಗವಾಯಿತು. ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಒಪ್ಪಿಕೊಂಡ ಕೇರಳಕ್ಕೆ ಓರ್ಕಾ ಸಹಜವಾಗಿ ಹೊಂದಿತು. ಐಟಿ@ಸ್ಕೂಲ್ ಯೋಜನೆಯಿಂದ ಬೆಳೆದ ‘ಕೈಟ್’ ಸಂಸ್ಥೆ ದೃಷ್ಟಿದೋಷವುಳ್ಳ ಶಿಕ್ಷಕರಿಗೆ ಓರ್ಕಾ ಬಳಸಿ ಕಂಪ್ಯೂಟರ್ ಕಲಿಸಿತು.

ಇಷ್ಟೆಲ್ಲ ಆದರೂ ಇಂಗ್ಲಿಷ್ ಪತ್ರ ಮಾತ್ರ ಓದಿಸಿಕೊಳ್ಳುತ್ತಿತ್ತು. ಕನ್ನಡದ ತೊಡಕೇ ಬೇರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗಿರುವುದು ರೋಮನ್ ಚಿಹ್ನೆಗಳು. ನುಡಿಯಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದವನ್ನು ಸ್ಕ್ರೀನ್ ರೀಡರ್ ಮುಂದಿಟ್ಟರೆ ಅದು ‘ಪಿ’ ಎಂದು ಶುರುಮಾಡಿ, ತಲೆಯ ಮೇಲೆ ಗೀಟಿರುವ ‘ಎ’ ಹೇಳಿ, ನಡುವೆ ಬ್ರಿಟಿಷ್ ಪೌಂಡಿನ ಗುರುತನ್ನೂ ಉಚ್ಚರಿಸುತ್ತದೆ. ಮಲಯಾಳದ ಹಳೆಯ ಫಾಂಟುಗಳದೂ ಇದೇ ಪಾಡು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಕಚೇರಿ, ಮುದ್ರಣಾಲಯಗಳು ಅದಕ್ಕೆ ಒಗ್ಗಲು ಎರಡು ದಶಕ ತೆಗೆದುಕೊಂಡವು. ಕಣ್ಣಿದ್ದವರಿಗೆ ಫಾಂಟಿನ ಚರ್ಚೆ ಅಂದಚೆಂದದ್ದು. ಕೇಳಿ ಓದುವವರಿಗೆ ಪತ್ರ ಇದೆಯೋ ಇಲ್ಲವೋ ಎಂಬುದೇ ಅದರಲ್ಲಿ ತೀರ್ಮಾನವಾಗುತ್ತಿತ್ತು.

ದನಿಯ ಕಥೆ ಬೆಂಗಳೂರಿನಿಂದ ಕೇರಳಕ್ಕೆ ಹರಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಕೋರ್ ಕಂಪನಿಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್, ಅಕ್ಷರ ಬಾರದವರೂ ಬಳಸಬಹುದಾದ ಕೈಗಂಪ್ಯೂಟರ್ ಆಗಬೇಕೆಂಬ ಆಸೆಯಿಂದ ಹುಟ್ಟಿದ್ದು. ಅಂಥದ್ದು ಮಾತಾಡಲೇಬೇಕಲ್ಲ. ಅದಕ್ಕಾಗಿ ರಮೇಶ್ ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶ ಕಟ್ಟಿದರು. ಮುದ್ರಿಸಿಟ್ಟ ದನಿಯ ತುಣುಕುಗಳನ್ನು ಜೋಡಿಸಿ ಭಾರತೀಯ ಭಾಷೆಗಳ ಪಠ್ಯವನ್ನು ಉಚ್ಚರಿಸುವುದು ಅದರ ಕ್ರಮ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ, ಧ್ವನಿ ಉಳಿಯಿತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೊಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಕನ್ನಡ, ಮಲಯಾಳಂ ಎರಡೂ ಅದರಲ್ಲಿದ್ದವು. ಬ್ರಿಟನ್ನಿನ ಜೊನಾಥನ್ ಡಡ್ಡಿಂಗ್ಟನ್ ಬರೆದ ‘ಈಸ್ಪೀಕ್’ ಕೂಡ ಎರಡೂ ಭಾಷೆಗಳನ್ನು ಕಲಿತು ಎನ್‌ವಿಡಿಎ, ಓರ್ಕಾಗಳ ಜೊತೆಗೇ ಬರತೊಡಗಿತು. ಅದರ ಕನ್ನಡ ಲೋಹದ ದನಿಯದು, ನಿಜ. ಆದರೆ ವೇಗವಾಗಿ ಓದುತ್ತದೆ. ಪಳಗಿದ ಕಿವಿ ಇಂಪಿಗಿಂತ ವೇಗವನ್ನೇ ಕೇಳುತ್ತದೆ.

ಈ ಎಳೆಗಳೆಲ್ಲ ಕೂಡಿ ಸಿಕ್ಕಾಗುವುದು ವಯನಾಡಿನಂಥ ಗಡಿ ಜಿಲ್ಲೆಯಲ್ಲಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ, ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ದಾರಿಗಳ ಇಕ್ಕೆಲದಲ್ಲೂ ಕನ್ನಡ ಮನೆಮಾತಿನವರಿದ್ದಾರೆ. ಜೈನ ಮನೆತನಗಳು ಕಲ್ಪೆಟ್ಟ, ಪನಮರಂ ಕಡೆಯೂ ಇವೆ. ಇಂಥ ಮನೆಗಳಿಗೆ ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲಿ, ಪಂಚಾಯಿತಿಯದು ಮಲಯಾಳದಲ್ಲಿ, ಮೈಸೂರಿನ ನೆಂಟರದು ಕನ್ನಡದಲ್ಲಿ ಬರಬಹುದು. ಪತ್ರದ ಸಂಕೇತದಲ್ಲಿ ಭಾಷೆ ಯಾವುದೆಂದು ನಮೂದಾಗಿದ್ದರೆ ಸ್ಕ್ರೀನ್ ರೀಡರ್ ದನಿ ಬದಲಿಸಿಕೊಳ್ಳಬಲ್ಲದು. ಇಮೇಲುಗಳಲ್ಲಿ ಆ ನಮೂದು ಅಪರೂಪ. ಲಿಪಿ ನೋಡಿ ಊಹಿಸುವುದು ಇನ್ನೊಂದು ದಾರಿ. ಕನ್ನಡ, ಮಲಯಾಳಗಳಿಗೆ ಯುನಿಕೋಡ್‌ನಲ್ಲಿ ಬೇರೆಬೇರೆ ಮನೆಗಳಿರುವುದರಿಂದ ಅದು ಸಾಧ್ಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬಂದರೆ ಈ ಊಹೆ ಕುಸಿಯುತ್ತದೆ, ‘ಚೆನ್ನಾಗಿದ್ದೀರಾ’ ಎಂಬುದು ಯಾವುದೋ ಲಂಡನ್ ಪದವಾಗಿ ಕೇಳುತ್ತದೆ. ಪಣಿಯ, ಬೆಟ್ಟ ಕುರುಬರ ಮಾತುಗಳಿಗೆ ಸ್ವಂತ ಲಿಪಿಯಿಲ್ಲ. ಅವನ್ನು ಮಲಯಾಳ ಅಕ್ಷರಗಳಲ್ಲಿ ಬರೆದರೆ ಓದುವುದು ಮಲಯಾಳದ ದನಿಯೇ. ಸರ್ಕಾರಿ ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರಗಳಲ್ಲಿ ಬೇರೊಬ್ಬರ ಕೈಯಿಂದ ಅರ್ಜಿ ತುಂಬಿಸಿ ಮೇಲ್ ಓದಿಸಿಕೊಳ್ಳುವುದು ಕೆಲಸವನ್ನೇನೋ ಮುಗಿಸುತ್ತದೆ. ಆದರೆ ಪಾಸ್‌ವರ್ಡೂ ಒಟಿಪಿಯೂ ಆಗ ಇನ್ನೊಬ್ಬರ ಕಿವಿಗೆ ಬೀಳುತ್ತವೆ.

ಕಾನೂನು ತಡವಾಗಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಅದರ ನಿಯಮಗಳಲ್ಲಿ ಮಾನದಂಡಗಳು ಬರಿಯ ಸಲಹೆಯ ಧಾಟಿಯಲ್ಲಿವೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ, ಸಂಬಂಧಪಟ್ಟ ನಿಯಮವನ್ನು ಅಸಿಂಧುಗೊಳಿಸಿ ಕಡ್ಡಾಯ ಮಾನದಂಡ ರೂಪಿಸಲು ಹೇಳಿತು. 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೌಲಭ್ಯವನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರಿಸಿತು.

ಕೇರಳದಲ್ಲಿ ಇದಕ್ಕೆ ಇನ್ನೊಂದು ಹಳೆಯ ಹಕ್ಕು ಜೊತೆಗೂಡುತ್ತದೆ. ರಾಜ್ಯದ ಕನ್ನಡ ಅಲ್ಪಸಂಖ್ಯಾತರು ತಿರುವನಂತಪುರದ ಸಚಿವಾಲಯಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ 1969ರ ಅಧಿಕೃತ ಭಾಷಾ ಕಾಯ್ದೆ. ಆ ಉತ್ತರ ಮೊಹರು, ಸಹಿಯೊಂದಿಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಬಂದರೆ ಸ್ಕ್ರೀನ್ ರೀಡರ್ ಪಾಲಿಗೆ ಅದು ಖಾಲಿ ಹಾಳೆ. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶಗಳು ಚಿತ್ರದಿಂದ ಕನ್ನಡ ಅಕ್ಷರಗಳನ್ನು ಹೆಕ್ಕಬಲ್ಲವು, ಒತ್ತಕ್ಷರಗಳಲ್ಲಿ ಎಡವುತ್ತ. ಅದೇ ಪತ್ರವನ್ನು ಯುನಿಕೋಡ್ ಪಠ್ಯವಾಗಿ ಇಮೇಲಿನ ಒಡಲಲ್ಲೇ ಕಳಿಸಿದರೆ ಈ ಯಾವ ಸರ್ಕಸ್ಸೂ ಬೇಕಾಗುವುದಿಲ್ಲ.