ಹಳೆಯ ಪಿಕಪ್ ವಾಹನಗಳಲ್ಲಿ ಬ್ರೇಕ್ ವಾಲ್ವ್ ಸೋರಿಕೆ: ಅರ್ಹತಾ ಪತ್ರ ನವೀಕರಣದ ಅರ್ಜಿದಾರರ ಗಮನಕ್ಕೆ

8 ವರ್ಷ ಮೀರಿದ ಸರಕು ಸಾಗಣೆ ವಾಹನಗಳ ಅರ್ಹತಾ ಪತ್ರವನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 62ರನ್ವಯ ಪ್ರತಿ ವರ್ಷ ನವೀಕರಿಸತಕ್ಕದ್ದು. ತಪಾಸಣೆಗೆ ಹಾಜರುಪಡಿಸುವ ಮುನ್ನ ಬ್ರೇಕ್ ವ್ಯವಸ್ಥೆಯ ಸೋರಿಕೆಯನ್ನು ಸರಿಪಡಿಸಿಕೊಳ್ಳುವುದು ಅವಶ್ಯಕ.

ಹಲವು ಪಿಕಪ್ ವಾಹನಗಳಲ್ಲಿ ಹಿಂದಿನ ಆಕ್ಸಲ್ ಬಳಿ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಹೊರೆಗೆ ಅನುಗುಣವಾಗಿ ಹಿಂದಿನ ಚಕ್ರಗಳ ಬ್ರೇಕ್ ಒತ್ತಡವನ್ನು ನಿಯಂತ್ರಿಸುವುದು ಇದರ ಕೆಲಸ. ಬ್ರೇಕ್ ಆಯಿಲ್ ಮಟ್ಟ ಪದೇ ಪದೇ ಇಳಿಯುತ್ತಿದ್ದು, ವಾಲ್ವಿನ ಸುತ್ತ ಒದ್ದೆ ಕಂಡುಬಂದಲ್ಲಿ ಅದನ್ನು ಬದಲಾಯಿಸಬೇಕು.

ಖರ್ಚು ಉಳಿಸಲು ಕೆಲವರು ವಾಲ್ವನ್ನು ತೆಗೆಸಿ ಪೈಪನ್ನು ನೇರವಾಗಿ ಜೋಡಿಸುವುದುಂಟು. ಸೋರಿಕೆ ನಿಲ್ಲುವುದು ನಿಜ. ಆದರೆ ಖಾಲಿ ವಾಹನದಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳು ಮೊದಲೇ ಲಾಕ್ ಆಗಿ, ವಿಶೇಷವಾಗಿ ಮಳೆಯಲ್ಲಿ, ವಾಹನವು ಅಡ್ಡ ತಿರುಗುವ ಸಂಭವವಿರುತ್ತದೆ.

ಹೊಸ ವಾಲ್ವ್ ಅಳವಡಿಸಿದ ನಂತರ ಅದರ ರಾಡನ್ನು ತಯಾರಕರು ಸೂಚಿಸಿದ ಅಳತೆಗೆ ಹೊಂದಿಸಿ, ಪೈಪುಗಳಲ್ಲಿನ ಗಾಳಿಯನ್ನು ಪೂರ್ಣವಾಗಿ ಹೊರತೆಗೆಸತಕ್ಕದ್ದು. ಹೊರಬಂದ ಆಯಿಲ್ ತೇವಾಂಶ ಹೀರಿಕೊಂಡಿರುವುದರಿಂದ ಅದನ್ನು ಮರುಬಳಸಬಾರದು. ಪೆಡಲ್ ಇನ್ನೂ ಮೆತ್ತಗಿದ್ದಲ್ಲಿ ಗಾಳಿ ಉಳಿದಿರುವ ಸಾಧ್ಯತೆಯಿದ್ದು, ಅಂತಹ ವಾಹನವನ್ನು ತಪಾಸಣಾ ಸ್ಥಳದವರೆಗೂ ಚಲಾಯಿಸತಕ್ಕದ್ದಲ್ಲ.