ಪ್ಲೇಟ್ ಮುರಿದದ್ದು ಯಾಕೆ?

ಎಕ್ಸ್‌ರೇ ಬೆಳಕಿಗೆ ಹಿಡಿದಾಗ ನನ್ನ ಕಣ್ಣಿಗೂ ಕಂಡಿತು. ಸೋದರಮಾವನ ಕಾಲಿನೊಳಗಿನ ಸ್ಟೀಲ್ ಪ್ಲೇಟ್ ಸ್ಕ್ರೂ ತೂತಿನ ಹತ್ತಿರ ಎರಡು ತುಂಡಾಗಿತ್ತು. ‘ಎಲುಬು ಕೂಡುವ ಮೊದಲೇ ಭಾರ ಬಿದ್ದಿದೆ’ ಎಂದರು ಡಾಕ್ಟರ್.

ನಾನು ಸಿಂದಗಿ ತಾಲ್ಲೂಕಿನವನು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲೋಹಕ್ಕೂ ದಣಿವಾಗುತ್ತದೆ ಎಂಬುದು ನಮ್ಮ ಪಾಠ. ಸಣ್ಣ ಭಾರವೂ ಸಾವಿರಾರು ಸಲ ಬಿದ್ದರೆ ತೂತಿನ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ. ಪ್ಲೇಟ್ ದಣಿಯುವುದರೊಳಗೆ ಎಲುಬು ಕೂಡಬೇಕು. ಅದಕ್ಕೇ ಡಾಕ್ಟರ್ ‘ಮೂರು ತಿಂಗಳು ಕಾಲೂರಬೇಡಿ’ ಎಂದಿದ್ದರು.

ಬೈಕ್ ಜಾರಿ ಬಿದ್ದ ಮಾವನಿಗೆ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕೈಹಿಡಿಯಿತು. ಆದರೆ ಮನೆಯಲ್ಲಿ ಕುಳಿತ ಮೂರು ತಿಂಗಳ ಕೂಲಿಯನ್ನು ಯಾವ ಯೋಜನೆಯೂ ಕೊಡಲಿಲ್ಲ.

ಫಿಸಿಯೊಥೆರಪಿಗೆ ವಿಜಯಪುರಕ್ಕೆ ಹೋಗಬೇಕು. ಶಕ್ತಿ ಯೋಜನೆಯಿಂದ ಅತ್ತೆಗೆ ಟಿಕೆಟ್ ಇಲ್ಲ, ಮಾವನಿಗೆ ಇದೆ. ಊರುಗೋಲು ಹಿಡಿದು ತುಂಬಿದ ಬಸ್ ಹತ್ತುವುದು ಹೇಗೆ? ಎರಡು ಸಲ ಹೋಗಿ ಬಿಟ್ಟರು. ಬಯಲಿಗೆ ಹೋದರೂ ಕುಕ್ಕರಗಾಲಲ್ಲೇ ಕೂರಬೇಕು.

ದಸರೆ ಬಂತು. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವ ಗ್ಯಾಂಗಿನಿಂದ ತೆಗೆದುಕೊಂಡ ಮುಂಗಡ ಆಗಲೇ ಖರ್ಚಾಗಿತ್ತು. ಅಲ್ಲಿ ಗಂಡ–ಹೆಂಡತಿ ಸೇರಿ ಒಂದು ಜೋಡಿ. ಒಬ್ಬರು ಬಾರದಿದ್ದರೆ ಇನ್ನೊಬ್ಬರಿಗೂ ಕೆಲಸವಿಲ್ಲ. ನಾನು ಬೇಡವೆಂದಾಗ ಮಾವ ಕೇಳಿದ್ದು ಇಷ್ಟೇ: ‘ಕಾಲ್ ಊರಬ್ಯಾಡಂದ್ರ ರೊಕ್ಕ ಯಾರ್ ತೀರಿಸ್ತಾರೋ ತಮ್ಮಾ?’

ನನ್ನ ಗೆಳೆಯನ ತಂದೆಗೂ ಅದೇ ಎಲುಬು ಮುರಿದು, ಅಂಥದೇ ಪ್ಲೇಟ್ ಹಾಕಿದ್ದರು. ಸರ್ಕಾರಿ ನೌಕರರಾದ ಅವರಿಗೆ ಸಂಬಳ ಸಹಿತ ರಜೆ, ಮನೆಯಲ್ಲಿ ಕಮೋಡ್, ಮನೆಗೇ ಬರುವ ಫಿಸಿಯೊಥೆರಪಿಸ್ಟ್ ಇದ್ದರು. ಐದನೇ ತಿಂಗಳಿಗೆ ಅವರು ವಾಕಿಂಗ್ ಹೊರಟರು. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೂ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ಗುಳೆ ಹೋಗುವ ಕಬ್ಬಿನ ಗ್ಯಾಂಗಿನವರಿಗೆ ಅದೂ ಇಲ್ಲ.

ಆಪರೇಷನ್ ಥಿಯೇಟರಿನಲ್ಲಿ ಇಬ್ಬರೂ ಸಮಾನರೇ ಆಗಿದ್ದರು. ವ್ಯತ್ಯಾಸ ಶುರುವಾದದ್ದು ಡಿಸ್ಚಾರ್ಜ್ ಆದ ದಿನದಿಂದ. ಉಚಿತ ಆಪರೇಷನ್ ಜತೆಗೆ ಮೂರು ತಿಂಗಳ ಕೂಲಿಯ ಒಂದು ಪಾಲು, ತಾಲ್ಲೂಕು ಆಸ್ಪತ್ರೆಯಲ್ಲೇ ಫಿಸಿಯೊಥೆರಪಿ ಸಿಕ್ಕರೆ ಎರಡನೇ ಆಪರೇಷನ್ ಖರ್ಚು ಸರ್ಕಾರಕ್ಕೂ ಉಳಿಯುತ್ತದೆ. ಗೆಳೆಯರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾದರೆ, ಯಾವಾಗ ಕಾಲೂರಬೇಕು, ಯಾವ ವ್ಯಾಯಾಮ ಮಾಡಬೇಕು ಎಂದು ಡಾಕ್ಟರನ್ನು ಬಿಡದೆ ಕೇಳಿ. ವ್ಯಾಯಾಮವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಮಾವನಿಗೆ ಎರಡನೇ ಆಪರೇಷನ್ ಆಗಿದೆ. ಈ ಸಲ ಅವರು ಕಾಲೂರಿಲ್ಲ. ಅತ್ತೆಯ ಜೋಡಿಯಾಗಿ ಗ್ಯಾಂಗಿಗೆ ಹೋದವನು ಅವರ ಮಗ, ಪಿಯುಸಿ ಬಿಟ್ಟು.