ಮದ್ರಾಸಿನ ಮರಳು, ಸ್ಕಾಟ್ಲೆಂಡಿನ ಶಾಲೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಫೈಫ್ ಸೀಮೆಯ ಅಂಚಿನಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಪುಟ್ಟ ಪಟ್ಟಣ ಸೇಂಟ್ ಆಂಡ್ರ್ಯೂಸ್. ಗಾಲ್ಫ್ ಆಡುವವರ ಪಾಲಿಗೆ ಇದು ತವರು. ಆರುನೂರು ವರ್ಷ ದಾಟಿದ, ಸ್ಕಾಟ್ಲೆಂಡಿನ ಅತಿ ಹಳೆಯ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ಈ ಊರಲ್ಲೇ ಹುಟ್ಟಿ ಬೆಳೆದವರನ್ನು ಯಾವ ಹೈಸ್ಕೂಲಿನಲ್ಲಿ ಓದಿದಿರಿ ಎಂದು ಕೇಳಿ ನೋಡಿ. ಹೆಚ್ಚಿನವರಿಂದ ಬರುವ ಉತ್ತರ ಒಂದೇ: ಮದ್ರಾಸ್.

ಊರಿನ ಸರ್ಕಾರಿ ಹೈಸ್ಕೂಲಿನ ಪೂರ್ತಿ ಹೆಸರು ಮದ್ರಾಸ್ ಕಾಲೇಜ್. ಹೆಸರಿನಲ್ಲಿ ಕಾಲೇಜು ಇದ್ದರೂ ಅಲ್ಲಿ ಓದುವವರು ಹನ್ನೆರಡರಿಂದ ಹದಿನೆಂಟರ ಒಳಗಿನ ಮಕ್ಕಳು. ಚೆನ್ನೈ ತನ್ನ ಹಳೆಯ ಹೆಸರನ್ನು 1996ರಲ್ಲಿ ಬಿಟ್ಟುಕೊಟ್ಟಿತು. ಸೇಂಟ್ ಆಂಡ್ರ್ಯೂಸ್ ಬಿಡಲಿಲ್ಲ.

ಈ ಕಥೆ ಶುರುವಾಗುವುದು ಒಬ್ಬ ಕ್ಷೌರಿಕನ ಮನೆಯಲ್ಲಿ. ಆಂಡ್ರ್ಯೂ ಬೆಲ್ ಹುಟ್ಟಿದ್ದು 1753ರಲ್ಲಿ, ಇದೇ ಊರಿನಲ್ಲಿ. ಅಪ್ಪನದು ಕ್ಷೌರದ ಕೆಲಸ, ಜೊತೆಗೆ ಟೋಪನ್ ಕೂದಲು ಕಟ್ಟುವ ಕಸುಬು. ಹುಡುಗ ಊರಿನ ಗ್ರಾಮರ್ ಶಾಲೆಗೆ ಸೇರಿದ. ಅಲ್ಲಿ ಪಾಠಕ್ಕಿಂತ ಹೊಡೆತವೇ ಹೆಚ್ಚು. ಇವತ್ತು ಏಟು ಬೀಳುತ್ತದೋ ಇಲ್ಲವೋ ಎಂಬ ನಡುಕವಿಲ್ಲದೆ ಒಂದು ದಿನವೂ ಶಾಲೆಗೆ ಹೋಗಲಿಲ್ಲ ಎಂದು ಬೆಲ್ ಮುಪ್ಪಿನಲ್ಲೂ ನೆನೆಸಿಕೊಳ್ಳುತ್ತಿದ್ದ. ಅವನು ಮುಂದೆ ಮಾಡಿದ ಕೆಲಸಕ್ಕೆ ಈ ನಡುಕವೇ ಬೇರು ಎಂದು ನನಗನ್ನಿಸುತ್ತದೆ.

ಊರಿನ ವಿಶ್ವವಿದ್ಯಾಲಯದಲ್ಲೇ ಗಣಿತ, ಭೌತಶಾಸ್ತ್ರ ಓದಿದ. ಅಮೆರಿಕದ ವರ್ಜೀನಿಯಾದಲ್ಲಿ ಕೆಲವು ವರ್ಷ ಮನೆಪಾಠ ಹೇಳಿದ. ಹಿಂದಿರುಗಿ ಇಂಗ್ಲೆಂಡಿನ ಚರ್ಚಿನಲ್ಲಿ ಪಾದ್ರಿಯಾದ. 1787ರಲ್ಲಿ ಭೌತಶಾಸ್ತ್ರದ ಪ್ರಯೋಗಕ್ಕೆ ಬೇಕಾದ ಸಲಕರಣೆಗಳನ್ನು ಹೊತ್ತು ಹಡಗು ಹತ್ತಿ ಮದ್ರಾಸಿಗೆ ಬಂದಿಳಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ಅವನ ಹೆಗಲಿಗೆ ಬಿತ್ತು. ಯುರೋಪಿಯನ್ ಸಿಪಾಯಿಗಳಿಗೂ ಇಲ್ಲಿನ ಹೆಂಗಸರಿಗೂ ಹುಟ್ಟಿ, ದಿಕ್ಕಿಲ್ಲದೆ ಉಳಿದ ಮಕ್ಕಳೇ ಅಲ್ಲಿ ಹೆಚ್ಚು. ಈ ಕೆಲಸಕ್ಕೆ ಸಂಬಳ ಬೇಡವೆಂದ ಬೆಲ್. ಸೈನ್ಯದ ಪಾದ್ರಿ ಹುದ್ದೆಗಳಿಂದ ಅವನಿಗೆ ಬೇಕಾದಷ್ಟು ವರಮಾನವಿತ್ತು.

ಅಲ್ಲಿನ ಉಪಾಧ್ಯಾಯರಿಗೆ ಕಲಿಸುವ ಉಮೇದು ಇರಲಿಲ್ಲ, ಮಕ್ಕಳಿಗೆ ಅಕ್ಷರ ಹತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಕುದುರೆ ಸವಾರಿ ಹೊರಟ ಬೆಲ್ ಒಂದು ನಾಟಿ ಶಾಲೆಯ ಮುಂದೆ ಹಾದುಹೋದ. ಅವನ ಬರವಣಿಗೆಯಲ್ಲಿ ಅದು ಮಲಬಾರ್ ಶಾಲೆ. ಆ ಕಾಲದ ಇಂಗ್ಲಿಷರು ತಮಿಳರನ್ನು ಹಾಗೆ ಕರೆಯುತ್ತಿದ್ದರು. ಮಕ್ಕಳು ನೆಲದ ಮೇಲೆ ಕೂತು, ಮುಂದೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕಾಗದವಿಲ್ಲ, ಶಾಯಿಯಿಲ್ಲ. ತಪ್ಪಿದರೆ ಅಂಗೈಯಿಂದ ಸವರಿದರೆ ಆಯಿತು, ಮತ್ತೆ ಹೊಸ ಹಲಗೆ.

ಬೆಲ್ ಅನಾಥಾಲಯಕ್ಕೆ ಮರಳಿದವನೇ ಕೆಳಗಿನ ತರಗತಿಗೆ ಮರಳಿನಲ್ಲೇ ಅಕ್ಷರ ಕಲಿಸಿ ಎಂದು ಹೇಳಿದ. ಉಪಾಧ್ಯಾಯ ಇದು ಆಗದ ಹೋಗದ ಮಾತು ಎಂದು ಕೈಚೆಲ್ಲಿದ. ಬೆಲ್ ಬಿಡಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಆ ತರಗತಿಯನ್ನು ಅವನ ಕೈಗೆ ಕೊಟ್ಟ. ಸಾಮಾನ್ಯ ಸಿಪಾಯಿಯೊಬ್ಬನ ಮಗ ಫ್ರಿಸ್ಕೆನ್. ದೊಡ್ಡವರು ಆಗದೆಂದ ಕೆಲಸವನ್ನು ಅವನು ಮಾಡಿ ತೋರಿಸಿದ. ಇದೇ ಕ್ರಮ ಒಂದೊಂದಾಗಿ ಮೇಲಿನ ತರಗತಿಗಳಿಗೂ ಹಬ್ಬಿ, ಇಡೀ ಶಾಲೆಯಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸತೊಡಗಿದರು. ಬಲ್ಲ ಹುಡುಗನ ಪಕ್ಕದಲ್ಲಿ ಕಲಿಯುವ ಹುಡುಗ. ಶಿಕ್ಷೆಯ ವಿಚಾರದಲ್ಲೂ ಹಾಗೆಯೇ. ತಪ್ಪು ಮಾಡಿದವನ ಹೆಸರು ಒಂದು ಕಪ್ಪು ಪುಸ್ತಕಕ್ಕೆ ಏರುತ್ತಿತ್ತು. ವಾರಕ್ಕೊಮ್ಮೆ ಸಹಪಾಠಿಗಳ ಪಂಚಾಯಿತಿಯೇ ಕೂತು ತೀರ್ಪು ಹೇಳುತ್ತಿತ್ತು. ಬೆತ್ತಕ್ಕೆ ಕೆಲಸ ಕಡಿಮೆಯಾಯಿತು.

ಈ ಶಾಲೆಯ ಒಬ್ಬ ಹುಡುಗ ನಮ್ಮ ದೇವನಹಳ್ಳಿಗೂ ಬಂದಿದ್ದ. 1792ರ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳನ್ನು ಇಂಗ್ಲಿಷರು ಒತ್ತೆಯಾಗಿ ಮದ್ರಾಸಿಗೆ ಕರೆದೊಯ್ದದ್ದು ನಮಗೆಲ್ಲ ಗೊತ್ತು. 1794ರಲ್ಲಿ ಅವರನ್ನು ತಂದೆಗೆ ಒಪ್ಪಿಸಲು ಇಂಗ್ಲಿಷ್ ಸೈನ್ಯದ ಕ್ಯಾಪ್ಟನ್ ಡವ್‌ಟನ್ ಬಂದಾಗ, ಬೆಲ್‌ನ ಶಿಷ್ಯ ವಿಲಿಯಂ ಸ್ಮಿತ್ ಆ ತಂಡದಲ್ಲಿದ್ದ. ಇನ್ನೂ ಹದಿಹರೆಯದ ಈ ಹುಡುಗ ಭೌತಶಾಸ್ತ್ರದ ಸಲಕರಣೆಗಳನ್ನು ಹೂಡಿ ಸುಲ್ತಾನನ ಎದುರು ಪ್ರಯೋಗಗಳನ್ನು ಮಾಡಿ ತೋರಿಸಿದ. ಹೊಸ ಯಂತ್ರಗಳೆಂದರೆ ಟಿಪ್ಪುವಿಗಿದ್ದ ಆಸೆ ಬಲ್ಲವರಿಗೆ ಆ ಹೊತ್ತಿನ ಆಸ್ಥಾನ ಕಣ್ಣಿಗೆ ಕಟ್ಟುತ್ತದೆ.

1796ರಲ್ಲಿ ಬೆಲ್ ಊರಿಗೆ ಹೊರಟಾಗ ಅವನ ಗಂಟಿನಲ್ಲಿ 25,000 ಪೌಂಡಿಗೂ ಮೀರಿದ ಹಣವಿತ್ತು. ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅದೇ ಹೊತ್ತಿಗೆ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಇನ್ನೊಬ್ಬನೂ ಇಂಥದೇ ಪದ್ಧತಿಯಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ. ಇಬ್ಬರ ಬೆಂಬಲಿಗರೂ ಯಾರು ಮೊದಲು ಎಂದು ವರ್ಷಗಟ್ಟಲೆ ಜಗಳವಾಡಿದರು. 1811ರಲ್ಲಿ ಹುಟ್ಟಿದ, ಇಂಗ್ಲೆಂಡಿನ ಚರ್ಚಿನ ಶಾಲೆಗಳ ಸಂಘವಾದ ನ್ಯಾಷನಲ್ ಸೊಸೈಟಿ ಬೆಲ್‌ನ ಪದ್ಧತಿಯನ್ನು ಎತ್ತಿಕೊಂಡಿತು. ಅವನು ಸಾಯುವ ಹೊತ್ತಿಗೆ ಅಂಥ ಶಾಲೆಗಳು ಹತ್ತು ಸಾವಿರ ಮೀರಿದ್ದವು.

ಬೆಲ್‌ನನ್ನು ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಬಡವರ ಮಕ್ಕಳಿಗೆಲ್ಲ ಬರೆಯುವುದನ್ನೂ ಲೆಕ್ಕವನ್ನೂ ಕಲಿಸುವುದು ಅಪಾಯ, ಅವರು ತಮ್ಮ ಅಂತಸ್ತಿನಲ್ಲಿ ಉಳಿಯಲಿ ಎಂದು ಅವನೇ ಬರೆದಿದ್ದ. ಮರಳಿನಲ್ಲಿ ಬರೆಯುವ ಬಡಮಕ್ಕಳಿಂದ ಪಾಠ ಕಲಿತವನ ಬಾಯಲ್ಲಿ ಈ ಮಾತು ಬರಬಾರದಿತ್ತು.

ಮದುವೆ ಮುರಿದು ಒಂಟಿಯಾಗಿದ್ದ ಬೆಲ್ ಕೂಡಿಟ್ಟ ಹಣವನ್ನೆಲ್ಲ ಕೊನೆಗೆ ಶಾಲೆಗಳಿಗೇ ಸುರಿದ. 1831ರಲ್ಲಿ 1,20,000 ಪೌಂಡ್ ದತ್ತಿ ಇಟ್ಟ. ಅದರಲ್ಲಿ ಅರ್ಧ ಹುಟ್ಟೂರಿಗೆ. ಉಳಿದದ್ದರಲ್ಲಿ ಎಡಿನ್‌ಬರೊ, ಗ್ಲಾಸ್ಗೊ, ಅಬರ್ಡೀನ್ ಮೊದಲಾದ ಊರುಗಳಿಗೆ ಪಾಲು. 1832ರ ಜನವರಿಯಲ್ಲಿ ತೀರಿಕೊಂಡ. ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿದೆ. ಕ್ಷೌರಿಕನ ಮಗನಿಗೆ ರಾಜರ ಪಕ್ಕದಲ್ಲಿ ಜಾಗ ಸಿಕ್ಕಿತು.

ಆ ಹಣದಿಂದ ಸೇಂಟ್ ಆಂಡ್ರ್ಯೂಸ್‌ನ ಸೌತ್ ಸ್ಟ್ರೀಟಿನಲ್ಲಿ ಎದ್ದ ಮದ್ರಾಸ್ ಕಾಲೇಜ್ 1833ರಲ್ಲಿ ಬಾಗಿಲು ತೆರೆಯಿತು. ಊರಿನ ಗ್ರಾಮರ್ ಶಾಲೆಯೂ ಇಂಗ್ಲಿಷ್ ಶಾಲೆಯೂ ಅದರಲ್ಲಿ ಸೇರಿಹೋದವು. ಬೆಲ್ ನಡುಗುತ್ತ ಹೋಗಿದ್ದ ಶಾಲೆಯ ಜಾಗವನ್ನು ಅವನ ದುಡ್ಡಿನ ಶಾಲೆ ತುಂಬಿತು. ನಕ್ಷೆ ವಾಸ್ತುಶಿಲ್ಪಿ ವಿಲಿಯಂ ಬರ್ನ್‌ನದು. ಮಧ್ಯೆ ಅಂಗಳ, ಅಂಗಳದ ಸುತ್ತ ಕಮಾನುಗಳ ಪಡಸಾಲೆ, ನಮ್ಮ ತೊಟ್ಟಿಮನೆಯಂಥ ವಿನ್ಯಾಸ. ರಸ್ತೆಯಿಂದ ನೋಡಿದರೆ ಮೊದಲು ಕಾಣುವುದು ಶಾಲೆಯಲ್ಲ, ಅದರ ಮುಂದಿನ ಹುಲ್ಲುಹಾಸಿನಲ್ಲಿ ನಿಂತ ಪಾಳು ಗುಡಿಯ ತುಂಡು. ಡೊಮಿನಿಕನ್ ಸನ್ಯಾಸಿಗಳ ಮಠದ ಚರ್ಚು ಅದು, ಕಟ್ಟಿದ್ದು 1525ರ ಸುಮಾರಿಗೆ. 1559ರ ಧಾರ್ಮಿಕ ದಂಗೆಯಲ್ಲಿ ಮಠ ನೆಲಸಮವಾಗಿ ಇಷ್ಟೇ ಉಳಿಯಿತು. ಚಾವಣಿಯ ಕಲ್ಲಿನ ಪಕ್ಕೆಲುಬುಗಳು ಇನ್ನೂ ಹಾಗೆಯೇ ಇವೆ.

    

ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ ತರಬೇತಿ ಪಡೆದ ಶಿಕ್ಷಕರು ಬಂದಂತೆ ಬ್ರಿಟನ್ನಿನಲ್ಲಿ ಹಿಂದೆ ಸರಿಯಿತು. ಬೆಲ್‌ನ ದತ್ತಿ ಮಾತ್ರ ಬತ್ತಲಿಲ್ಲ. 1876ರಲ್ಲಿ ಸೇಂಟ್ ಆಂಡ್ರ್ಯೂಸ್ ಮತ್ತು ಎಡಿನ್‌ಬರೊ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರಕ್ಕೆ ಪ್ರಾಧ್ಯಾಪಕ ಪೀಠಗಳು ಸ್ಥಾಪನೆಯಾದದ್ದು ಅದೇ ಹಣದಿಂದ. ಮದ್ರಾಸ್ ಕಾಲೇಜಿನಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿ 1967ರಲ್ಲಿ ಕಿಲ್‌ರೈಮಾಂಟ್ ರಸ್ತೆಯಲ್ಲಿ ಇನ್ನೊಂದು ಕಟ್ಟಡ ಎದ್ದಿತು. ಚಿಕ್ಕವರು ಅಲ್ಲಿ, ದೊಡ್ಡವರು ಸೌತ್ ಸ್ಟ್ರೀಟಿನಲ್ಲಿ. ಅರ್ಧ ಶತಮಾನ ಶಾಲೆ ಎರಡು ಮನೆ ಸಂಸಾರ ನಡೆಸಿತು. 2021ರಲ್ಲಿ ಊರಿನ ಪಶ್ಚಿಮಕ್ಕೆ ಹೊಸ ಕಟ್ಟಡವಾಗಿ ಎಲ್ಲರೂ ಒಂದೆಡೆ ಸೇರಿದರು. ಸೌತ್ ಸ್ಟ್ರೀಟಿನ ಹಳೆಯ ಕಟ್ಟಡ ವಿಶ್ವವಿದ್ಯಾಲಯದ ಪಾಲಾಗಿದೆ.

ಬೆಲ್ ಸತ್ತಮೇಲೆ ಅವನ ಕೀರ್ತಿ ಉಳಿಯಿತು, ಸರಿ. ಆದರೆ ಅವನು ಹಬ್ಬಿಸಿದ ಕಲಿಕೆಯ ಪದ್ಧತಿಯ ಮೂಲ ಯಾರದು? 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಕಳಿಸಿದ ವರದಿ ಇದಕ್ಕೆ ಉತ್ತರ ಕೊಡುತ್ತದೆ. ಜಿಲ್ಲೆಯಲ್ಲಿದ್ದದ್ದು 533 ಶಾಲೆಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಓದುತ್ತಿದ್ದವರು 6,641 ಮಕ್ಕಳು. ಹೆಣ್ಣುಮಕ್ಕಳು ಬರೀ 60. ಆ ಶಾಲೆಗಳಲ್ಲೂ ಮಕ್ಕಳು ಮರಳಿನಲ್ಲಿ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು, ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ತಕ್ಕದ್ದೇ ಎಂದು ಕ್ಯಾಂಪ್‌ಬೆಲ್ ಒಪ್ಪಿಕೊಂಡಿದ್ದಾನೆ. ಒಂದೂವರೆ ಶತಮಾನದ ನಂತರ ಇತಿಹಾಸಕಾರ ಧರ್ಮಪಾಲರು ಈ ದಾಖಲೆಗಳನ್ನು ಹೊರತೆಗೆದು 1983ರಲ್ಲಿ ಪ್ರಕಟಿಸಿದರು.

ಅಂಥ ನಾಟಿ ಶಾಲೆಗಳ, ಅಂದರೆ ನಮ್ಮ ಕೂಲಿ ಮಠಗಳ, ಅಯ್ಯನೋರ ಹೆಸರುಗಳು ಎಲ್ಲಿಯೂ ಉಳಿದಿಲ್ಲ. ಬೆಲ್‌ನ ಹೆಸರಿಗೆ ಸಮಾಧಿ, ಪೀಠ, ರಸ್ತೆ ಎಲ್ಲ ಇದೆ. ಇದರಲ್ಲಿ ಬೆಲ್‌ನ ತಪ್ಪೇನೂ ಇಲ್ಲ. ತಾನು ಎಲ್ಲಿ ನೋಡಿ ಕಲಿತೆ ಎಂಬುದನ್ನು ಅವನು ಬಚ್ಚಿಡಲಿಲ್ಲ, ಮದ್ರಾಸ್ ಪದ್ಧತಿ ಎಂದೇ ಸಾರಿದ. ಎಡಿನ್‌ಬರೊ ಕಡೆ ಕೆಲಸಕ್ಕೋ ಓದಿಗೋ ಹೋದ ಕನ್ನಡಿಗರು ಗಾಲ್ಫ್ ಮೈದಾನ ನೋಡಲೆಂದು ಸೇಂಟ್ ಆಂಡ್ರ್ಯೂಸ್‌ಗೆ ಹೋಗುತ್ತಿರುತ್ತಾರೆ. ಅಲ್ಲಿಂದ ಸೌತ್ ಸ್ಟ್ರೀಟಿಗೆ ನಡೆದರೆ ಕೆಲವೇ ನಿಮಿಷ. ಮಕ್ಕಳು ಜೊತೆಗಿದ್ದರೆ ಅವರನ್ನು ಆ ಪಾಳು ಗುಡಿಯ ಹಿಂದಿನ ಕಟ್ಟಡದ ಮುಂದೆ ನಿಲ್ಲಿಸಿ, ಬಳ್ಳಾರಿಯ ಆ 235 ಶಾಲೆಗಳ ಸಂಗತಿಯನ್ನೂ ಹೇಳಿ.